ಸಾವಿರ ಕುರಿ ಹೆರಿಸಿದ ಕೈ

ನನ್ನ ಪ್ರಾಯದಲ್ಲಿ ನಾನು ಈ ಗುಡ್ಡದ ಮೇಲೆ ನಿಂತು ಒಂದು ಸಿಳ್ಳೆ ಹೊಡೆದರೆ ಹೊಳೆಯಾಚೆ ಮೇಯುತ್ತಿದ್ದ ಕುರಿಗಳೆಲ್ಲ ತಲೆ ಎತ್ತುತ್ತಿದ್ದವು. ಆಕಾಶದಲ್ಲಿ ಹೊರಟ ಹದ್ದು ದಾರಿ ತಪ್ಪಿ ಎರಡು ಸುತ್ತು ಹೆಚ್ಚಿಗೆ ಹಾಕುತ್ತಿತ್ತು. ನಗಬೇಡ್ರಿ. ಕೇಳಿದವರು ಬೇಕಾದಷ್ಟು ಜನ ಇದ್ದರು. ಈಗ ಎಲ್ಲರೂ ಮಣ್ಣಾಗಿದ್ದಾರೆ, ಅದಕ್ಕೆ ನಾನೇನು ಮಾಡಲಿ? ಅವರಲ್ಲೊಬ್ಬ ಮುದುಕ ನನ್ನ ಸಿಳ್ಳೆಗೆ ಮೆಚ್ಚಿ ಒಂದು ಕತೆ ಕೊಟ್ಟ. ಅದನ್ನೇ ಈಗ ಬಿಚ್ಚುತ್ತೇನೆ. ಹೂಂಗುಟ್ಟುವವರು ಹೂಂಗುಟ್ಟಿ, ಆಕಳಿಸುವವರು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳಿ.

ಒಂದು ಸೀಮೆ. ಯಾವ ಸೀಮೆ ಅಂತ ಕೇಳಬೇಡ್ರಿ, ಊರಿಗೆ ಹೆಸರಿಡುವವರು ಆಗಿನ್ನೂ ಹುಟ್ಟಿರಲಿಲ್ಲ. ಆ ಸೀಮೆಯಲ್ಲೊಂದು ಕುರುಬರ ಹಟ್ಟಿ. ಹಟ್ಟಿಯಲ್ಲಿ ಅಮೋಗಿ ಅನ್ನುವ ಕುರಿಗಾರ, ಅವನ ಹೆಂಡತಿ ಸಾಬವ್ವ. ಮಕ್ಕಳಿರಲಿಲ್ಲ, ಕುರಿಮರಿಗಳು ಮಾತ್ರ ಕಾಲಿಡಲು ಜಾಗ ಇಲ್ಲದಷ್ಟು.

ಅಮೋಗಿಗೆ ಒಂದೇ ಹೆಮ್ಮೆ, ತನ್ನ ಬಲಗೈ. ಹೊಟ್ಟೆಯಲ್ಲಿ ಅಡ್ಡ ಸಿಕ್ಕ ಮರಿಯನ್ನು ಒಳಗೇ ತಿರುವಿ ಹೊರಗೆ ತರುವ ಕೈ ಅದು. ಕಾಲು ಮುಂದಾದರೂ ತಂದ. ಬೆನ್ನು ಮುಂದಾದರೂ ತಂದ. ಅವಳಿಮರಿ ಒಂದಕ್ಕೊಂದು ಹೆಣೆದುಕೊಂಡರೂ ಬಿಡಿಸಿ ತಂದ. ಸುತ್ತಲ ಹಟ್ಟಿಯವರು ಕುರಿ ನೋವು ತಿಂದರೆ ಮೊದಲು ಅಮೋಗಿಗೆ ಹೇಳಿಕಳಿಸಿ, ದೇವರಿಗೆ ಆಮೇಲೆ ಕೈಮುಗಿಯುತ್ತಿದ್ದರು. ಅವನೋ, ಎಲ್ಲಿ ಕೂತರೂ ಕೈ ಎತ್ತಿ ತೋರಿಸುತ್ತಿದ್ದ.

"ಸಾವಿರ ಕುರಿ ಹೆರಿಸಿದ ಕೈ ಇದು!"

"ರೊಟ್ಟಿ ಮುರೀಲಿಕ್ಕೂ ಅದ ಕೈ ಬೇಕು. ಕೆಳಗಿಳಿಸು, ಪಲ್ಯ ಆರ್ತೈತಿ," ಅನ್ನುತ್ತಿದ್ದಳು ಸಾಬವ್ವ.

ಆ ಹಟ್ಟಿಯಲ್ಲೊಂದು ಪದ್ಧತಿ. ಕುರಿ ಕಾಯಲು ಇಟ್ಟರೆ ಗಂಡು ನಾಯಿಯನ್ನೇ ಇಡಬೇಕು. ಹೆಣ್ಣು ನಾಯಿ ಇದ್ದರೆ ಸೀಮೆಯ ಬೀದಿನಾಯಿಗಳೆಲ್ಲ ದಿಬ್ಬಣ ಕಟ್ಟಿಕೊಂಡು ಬರುತ್ತವೆ, ಕುರಿ ಬೆದರುತ್ತವೆ ಅಂತ. ಹೀಗಾಗಿ ನಾಯಿ ಮರಿ ಹಾಕುವುದನ್ನು ಕಂಡವರೇ ಅಲ್ಲಿ ಇಲ್ಲ. ಅಂಥ ಹಟ್ಟಿಗೆ ಸಾಬವ್ವ ಒಮ್ಮೆ ತವರಿಂದ ಬರುವಾಗ ಮಡಿಲಲ್ಲಿ ಹೆಣ್ಣುಮರಿಯೊಂದನ್ನು ತಂದಳು. ಯಾರೋ ದಾರಿಹೋಕರು ಅವಳ ತವರಿನವರಿಗೆ ಕೊಟ್ಟು ಹೋದದ್ದು. ಮಾಗಿದ ಜೋಳದ ಬಣ್ಣ, ಅದಕ್ಕೇ ಜೋಳಿ ಅಂತ ಹೆಸರು. ಹಿರಿಯರು ಮೂಗು ಮುರಿದರು. "ನನ್ನ ಮಗಳು," ಅಂದಳು ಸಾಬವ್ವ. ಮಾತು ಅಲ್ಲಿಗೆ ಮುಗಿಯಿತು.

ಜೋಳಿ ಬೆಳೆದಳು. ಸಣ್ಣ ಸೊಂಟ, ಉದ್ದ ಕಾಲು. ಓಟ ಎಂಥದು ಅಂತೀರಿ? ಅವಳು ಹೊಲ ದಾಟಿ ಎಷ್ಟೋ ಹೊತ್ತಿನ ಮೇಲೆ ಅವಳ ನೆರಳು ಏದುಸಿರು ಬಿಡುತ್ತಾ ಬರುತ್ತಿತ್ತು. ಬೊಗಳಿದ ಸದ್ದು ಅದಕ್ಕೂ ಹಿಂದೆ. ತೋಳಗಳು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬೇರೆ ಸೀಮೆಗೆ ಗುಳೆ ಹೋದವು.

ಹೀಗಿರುವಾಗ ಕುದುರೆ ಮಾರುವವರ ತಂಡವೊಂದು ಬಂದು ಹಳ್ಳದ ಬದಿಗೆ ಬೀಡುಬಿಟ್ಟಿತು. ಅವರ ಜೊತೆ ಒಂದು ಗಂಡು ನಾಯಿ. ತಲೆ ಅಂದರೆ ನೀರು ಕಾಯಿಸುವ ಹಂಡೆ! ಅದು ಹಳ್ಳಕ್ಕೆ ಬಾಯಿಟ್ಟು ಕುಡಿದರೆ ಕಪ್ಪೆಗಳು ದಡಕ್ಕೆ ಬಂದು ಕೂತು ನೀರು ಏರುವುದನ್ನು ಕಾಯುತ್ತಿದ್ದವು. ಅಮೋಗಿ ನೋಡಿದ. ಕಣ್ಣು ಅಲ್ಲೇ ನೆಟ್ಟಿತು. ಜೋಳಿಯ ಕಾಲು, ಈ ನಾಯಿಯ ತಲೆ, ಎರಡೂ ಒಂದೇ ಮರಿಯಲ್ಲಿ ಕೂಡಿದರೆ? 'ಅಮೋಗಿ ಹಟ್ಟಿಯ ತಳಿ' ಅಂತ ಸೀಮೆಯೆಲ್ಲ ಹೆಸರಾಗುವುದಿಲ್ಲವೇ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಗೌಡನಿಗೊಂದು ಮರಿ ಅಂದ. ಗುಡಿಯ ಪೂಜಾರಿಗೊಂದು ಮರಿ ಅಂದ. ಹೆಂಡತಿಯ ತಮ್ಮನಿಗೊಂದು ಮರಿ ಅಂದ.

ಸಾಬವ್ವ ಹೇಳಿದಳು: "ಇದು ಮೊದಲನೇ ಬೆದಿ. ಇನ್ನೂ ತನ್ನ ಬಾಲಾ ತಾನ ಹಿಡಿಯಾಕ ಓಡೋ ಕೂಸು ಅದು. ಈಗ ಬ್ಯಾಡ, ದೊಡ್ಡದಾಗಲಿ."

"ಸಾವಿರ ಕುರಿ ಹೆರಿಸಿದ ಕೈ ಇದು. ನೀ ಸುಮ್ಮನಿರು."

ಕುದುರೆಯವನು ಹೇಳಿದ: "ಅಣ್ಣಾ, ನನ್ನ ನಾಯಿ ತಲಿ ನೋಡು, ನಿನ್ನ ನಾಯಿ ಸೊಂಟ ನೋಡು. ಸಣ್ಣ ಬಾಗಿಲಾಗ ದೊಡ್ಡ ಹೊರಿ ಹೆಂಗ ಬಂದೀತು? ಇದಕ್ಕ ಇದರಂಥಾ ಜೋಡಿನ ಹುಡುಕು."

"ಸಾವಿರ ಕುರಿ ಹೆರಿಸಿದ ಕೈ ಇದು. ಬಾಗಿಲು ಹೆಂಗ ತೆಗೀಬೇಕಂತ ನನಗ ಗೊತ್ತು."

ಜೋಳಿ ಬಸುರಾದಳು. ಆಮೇಲೊಂದು ದಿನ ಹೊಳೆಯಾಚೆಯ ಇಮಾಮಜ್ಜ ದಾರಿಯಲ್ಲಿ ಎದುರಾದ. ಅವನು ದನ, ಕುದುರೆ, ನಾಯಿ ಎಲ್ಲಕ್ಕೂ ಮದ್ದು ಮಾಡುವ ವೈದ್ಯ. ಜೋಳಿಯ ಹೊಟ್ಟೆ ನೋಡಿ ನಿಂತ. "ಅಮೋಗೀ, ಇದನ್ನ ಒಮ್ಮೆ ನನ್ನ ಕಡೆ ಕರಕೊಂಡು ಬಾ. ಹೊಟ್ಟಿ ಮುಟ್ಟಿ ನೋಡ್ತೀನಿ. ನಾಯಿ ದಿನದ ಲೆಕ್ಕ ಬ್ಯಾರೆ ಇರ್ತೈತಿ, ಅದು..."

"ಅಜ್ಜಾ, ಮೀನಿಗೆ ಈಜು ಕಲಸ್ತೀಯೇನು? ಸಾವಿರ ಕುರಿ ಹೆರಿಸಿದ ಕೈ ಇದು!" ಅಂದವನೇ ಅಮೋಗಿ ಕಾಲು ಕಿತ್ತ. ಅಜ್ಜನ ಉಳಿದ ಅರ್ಧ ಮಾತು ದಾರಿಯ ಧೂಳಲ್ಲೇ ಬಿತ್ತು.

ಕೇಳ್ರಿ, ಎಲ್ಲ ಇರುವುದು ಆ ಅರ್ಧ ಮಾತಿನಲ್ಲಿ. ಕುರಿ ಎಷ್ಟು ತಿಂಗಳಿಗೆ ಈಯುತ್ತದೆ? ಐದು. ಅಮೋಗಿ ಜೋಳಿಗೂ ಐದೇ ಅಂತ ನಂಬಿ ಕೂತ. ನಾಯಿಗೆ ಎಷ್ಟು? ಎರಡು! ನಿಮಗೆ ಗೊತ್ತು, ನಗುತ್ತೀರಿ. ಅವನಿಗೆ ಯಾರು ಹೇಳಬೇಕಿತ್ತು? ಹೇಳಲು ಬಂದವನಿಗೆ ಬೆನ್ನು ತೋರಿಸಿ ಬಂದಿದ್ದನಲ್ಲ.

ಎರಡು ತಿಂಗಳು ತುಂಬಿದ ಒಂದು ಮುಂಜಾನೆ ಜೋಳಿ ರೊಟ್ಟಿ ಮುಟ್ಟಲಿಲ್ಲ. ಮೂಲೆ ಹುಡುಕಿ ಮಣ್ಣು ಕೆರೆದಳು. ನಡುಗಿದಳು, ತೇಕಿದಳು.

"ಇದಕ್ಕ ನೋವು ಎದ್ದಾವ," ಅಂದಳು ಸಾಬವ್ವ.

"ಹುಚ್ಚಿ, ಇನ್ನೂ ಮೂರು ತಿಂಗಳೈತಿ. ದಿನಾ ತುಂಬೂ ಮೊದಲ ಕಂದು ಹಾಕಾಕ ಹೊಂಟೈತಿ ಇದು. ತಡೀಬೇಕು."

ತಡೆದ. ಕುರಿ ಕಂದು ಹಾಕುವಾಗ ಹೇಗೆ ತಡೆಯುತ್ತಾರೋ ಹಾಗೇ ತಡೆದ. ಹೊಟ್ಟೆಗೆ ಬಟ್ಟೆ ಬಿಗಿದ. ಕಹಿ ಕಷಾಯ ಕುಡಿಸಿದ. ಮಣ್ಣು ಕೆರೆಯದಂತೆ ಗೂಟಕ್ಕೆ ಕಟ್ಟಿದ. ಮೂರು ಕೆಲಸ, ಮೂರೂ ಕುರಿಯ ಕೆಲಸ. "ಸುಮ್ಮನ ಮಲಗು, ನನ್ನವ್ವ," ಅಂತ ತಲೆ ಸವರಿದ. ಕ್ರೂರಿ ಅಲ್ಲ ಅವನು. ಅವಳ ಮೇಲೆ ಜೀವ ಇತ್ತು. ಜೀವ ಇದ್ದರೆ ಸಾಕೇ? ಬೆಳ್ಳಗಿದ್ದದ್ದೆಲ್ಲ ಹಾಲೇ?

ಹೊತ್ತು ನೆತ್ತಿಗೆ ಬಂತು. ಜೋಳಿ ಮುಕ್ಕಿರಿದಳು, ಮರಿ ಬರಲಿಲ್ಲ. ಹೊತ್ತು ವಾಲಿತು. ಹಸಿರು ನೀರು ಹೋಯಿತು, ಮರಿ ಬರಲಿಲ್ಲ. ಸಾಬವ್ವ ತಡೆಯಲಾರದೆ ಹೊಟ್ಟೆಯ ಬಟ್ಟೆ ಹರಿದು ಬಿಸಾಕಿದಳು. ಆಗ ಒಂದು ಪುಟ್ಟ ಮೂತಿ ಕಂಡಿತು. ಕಂಡದ್ದು ಅಷ್ಟೇ. ಹಂಡೆಯಂಥ ತಲೆ ಹಿಂದೆ ಸಿಕ್ಕಿಕೊಂಡಿತ್ತು.

ಅಮೋಗಿ ತೋಳು ಮೇಲೇರಿಸಿದ. "ಬಂದದ್ದು ಬರಲಿ. ಕೈ ಐತಲ್ಲ," ಅಂದ. ಮೊಣಕೈವರೆಗೆ ಎಣ್ಣೆ ಹಚ್ಚಿದ, ಬಗ್ಗಿದ.

ಏನಾಯಿತು ಹೇಳ್ರಿ?

ಕೈ ಹೋಗಲಿಲ್ಲ. ಕುರಿಯೊಳಗೆ ಹಾವಿನಂತೆ ಹರಿಯುತ್ತಿದ್ದ ಕೈ, ಇಲ್ಲಿ ಎರಡು ಬೆರಳಿಗೂ ಜಾಗ ಇಲ್ಲ. ಒತ್ತಿದ. ಜೋಳಿ ಕಿರುಚಿದಳು, ಹಟ್ಟಿಯ ಕುರಿಗಳೆಲ್ಲ ಎದ್ದು ನಿಂತವು. ಅವನನ್ನು ಕಚ್ಚಲಿಲ್ಲ. ಕಚ್ಚಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಕೈ ಹಿಂದೆ ತೆಗೆದು ಅದನ್ನೇ ನೋಡುತ್ತಾ ಕೂತ. ಯಾರದೋ ಕೈ ತಂದು ತನಗೆ ಅಂಟಿಸಿದ್ದಾರೆ ಅನ್ನುವ ಹಾಗೆ.

"ಕೈ ಸಾಕು," ಅಂದಳು ಸಾಬವ್ವ. "ಕಾಲು ಅದಾವಲ್ಲ, ಏಳು. ಹೊಳಿ ದಾಟೂಣು."

ಕಂಬಳಿಯಲ್ಲಿ ಜೋಳಿಯನ್ನು ಮಲಗಿಸಿ ಎರಡು ತುದಿ ಇಬ್ಬರು ಹಿಡಿದರು. ಎದೆಮಟ್ಟದ ನೀರು. ಕಂಬಳಿಯನ್ನು ತಲೆಯ ಮೇಲಿಟ್ಟುಕೊಂಡು ದಾಟಿದರು. ಅಮೋಗಿಯ ಬಲಗೈ ಅಂದು ಬಂದದ್ದು ಕಂಬಳಿಯ ತುದಿ ಹಿಡಿಯುವುದಕ್ಕೆ ಮಾತ್ರ.

ಇಮಾಮಜ್ಜ ಕೇಳಿದ: "ನೋವು ಯಾವಾಗ ಎದ್ದಾವ?"

"ಮುಂಜಾನೆ," ಅಂದಳು ಸಾಬವ್ವ.

"ಮುಂಜಾನೆಯಿಂದ ಏನು ಮಾಡಿದ್ರಿ?"

ಅಮೋಗಿ ನೆಲ ನೋಡಿದ. "ಕಟ್ಟಿಹಾಕಿದ್ದೆ ಅಜ್ಜಾ. ಇನ್ನೂ ಮೂರು ತಿಂಗಳೈತಿ ಅಂದುಕೊಂಡಿದ್ದೆ."

ಅಜ್ಜ ಬೈಯಲಿಲ್ಲ. ಬೈಯಲು ಹೊತ್ತು ಇರಲಿಲ್ಲ. ಬಿಸಿನೀರು ತರಿಸಿದ, ಎಣ್ಣೆ ತರಿಸಿದ, ನೂಲಿನ ಸಣ್ಣ ಕುಣಿಕೆ ಮಾಡಿದ. ಅವನ ಬೆರಳು ಅಂದರೆ ಬತ್ತಿಯಂಥ ಬೆರಳು. ಮೊದಲನೇ ಮರಿ ಬಂತು, ಸತ್ತಿತ್ತು. ಎರಡನೇದು ಬಂತು, ಸತ್ತಿತ್ತು. ಹೀಗೇ ಒಂದರ ಹಿಂದೊಂದು. ಸಾಬವ್ವ ಅವನ್ನೆಲ್ಲ ಸೆರಗಿನಲ್ಲಿ ಸಾಲಾಗಿ ಮಲಗಿಸಿದಳು. ಕಡೆಯದು ಬಂತು, ಅದೂ ಅಲ್ಲಾಡಲಿಲ್ಲ. ಅಜ್ಜ ಅದನ್ನು ಅಮೋಗಿಯ ಅಂಗೈಗೆ ಹಾಕಿದ.

"ಉಜ್ಜು. ಇದು ನಿನಗ ಬರೋ ಕೆಲಸ."

ಅಮೋಗಿ ಮೂಗಿನ ಲೋಳೆ ತೆಗೆದ, ಉಸಿರು ಊದಿದ, ಎದೆ ಉಜ್ಜಿದ. ಉಜ್ಜಿದ, ಉಜ್ಜಿದ. ಬೆವರು ಸುರಿಯಿತೋ ಕಣ್ಣೀರು ಸುರಿಯಿತೋ ನೋಡಿದವರಿಗೆ ಗೊತ್ತಾಗಲಿಲ್ಲ. ಕಡೆಗೆ ಅಂಗೈಯಲ್ಲಿ ಒಂದು 'ಕುಂಯ್' ಕೇಳಿತು.

ಒಂದು ಮರಿ ಬದುಕಿತು. ಜೋಳಿ ಜ್ವರದಲ್ಲಿ ಬೆಂದಳು, ಸಾವಿನ ಹೊಸ್ತಿಲವರೆಗೆ ಹೋದಳು, ಅಜ್ಜನ ಮದ್ದಿಗೆ ತಿರುಗಿ ಬಂದಳು. ಹಾಲು ಇಳಿಯಲಿಲ್ಲ. ಸಾಬವ್ವ ಅರಿವೆ ಬತ್ತಿಯನ್ನು ಹಾಲಲ್ಲಿ ಅದ್ದಿ ಅದ್ದಿ ಮರಿಗೆ ಚೀಪಿಸಿದಳು. "ಇದಕ್ಕ ಇನ್ನ ಬಸಿರು ಬ್ಯಾಡ," ಅಂದ ಅಜ್ಜ. "ಮತ್ತ ಬಸುರಾದ್ರ ನಾನೂ ಉಳಸಾಂಗಿಲ್ಲ."

ಹೊರಡುವ ದಿನ ಅಮೋಗಿ ಮೆಲ್ಲಗೆ, "ಅಜ್ಜಾ, ನನ್ನ ಕೈ ಅಷ್ಟು ಕುರಿ..." ಅಂದ.

"ಹೌದಪಾ, ನನ್ನ ಕುರಿ ಈಯಾಕ ಬಂದ್ರ ನಿನಗ ಹೇಳಿಕಳಸ್ತೀನಿ. ಆದ್ರ ನಾಲ್ಕು ಕಾಲು ಇದ್ದದ್ದಕ್ಕ ಮಂಚ ಕುರಿ ಆಗ್ತೈತೇನು?"

ಬದುಕಿದ ಒಂದು ಮರಿಯನ್ನು ಸಾಬವ್ವ ಯಾರಿಗೂ ಕೊಡಲಿಲ್ಲ. ಅಮೋಗಿ ಗೌಡನ ಹತ್ತಿರ ಹೋದ, ಮರಿ ಇಲ್ಲ ಅಂದ. ಗೌಡ ನಕ್ಕ. ಪೂಜಾರಿಯ ಹತ್ತಿರ ಹೋದ, ಮರಿ ಇಲ್ಲ ಅಂದ. ಪೂಜಾರಿ ಮುಖ ತಿರುವಿದ. ಹೆಂಡತಿಯ ತಮ್ಮನ ಹತ್ತಿರ ಹೋದ. "ಮರಿ ಹೋಗಲಿ ಮಾವಾ, ಜೋಳಿ ಹೆಂಗದಾಳ?" ಅಂತ ಕೇಳಿದ ಅವನು. ಆ ಮಾತಿಗೆ ಅಮೋಗಿ ಅಲ್ಲೇ ಕೂತು ನಡೆದದ್ದನ್ನೆಲ್ಲ ಹೇಳಿದ.

ಜೋಳಿ ಮತ್ತೆ ಎದ್ದಳು. ಕುರಿ ಕಾದಳು. ಈಗ ಮಾತ್ರ ಅವಳ ನೆರಳು ಅವಳ ಜೊತೆಜೊತೆಗೇ ಬರುತ್ತಿತ್ತು. ಸಾಬವ್ವನ ಮಡಿಲಿಗೆ ಬರುವಳು. ಅಮೋಗಿ ಕರೆದರೂ ಬರುವಳು, ಬಾಲವನ್ನೂ ಆಡಿಸುವಳು. ಆದರೆ ಅವನ ಕೈ ಎಲ್ಲಿಯವರೆಗೆ ಚಾಚುತ್ತದೋ ಅದಕ್ಕಿಂತ ಒಂದು ಗೇಣು ಆಚೆಗೇ ನಿಲ್ಲುವಳು. ಅವನು ರೊಟ್ಟಿ ಹಿಡಿದು ಕೂರುವನು. ರೊಟ್ಟಿ ಒಣಗುವುದು. ಅವಳು ಇರುವವರೆಗೂ ಆ ಗೇಣು ತುಂಬಲಿಲ್ಲ.

ಅಂದಿನಿಂದ ಆ ಸೀಮೆಯಲ್ಲಿ ಹೆಣ್ಣು ನಾಯಿಗೆ ಜೋಡಿ ಹುಡುಕುವವರು ಮೊದಲು ಕೇಳುವುದು, "ವೈದ್ಯನ ಮನೆ ಎಷ್ಟು ದೂರ?" ಅಂತ. ಗಂಡು ಯಾವುದು ಅನ್ನುವುದು ಆಮೇಲೆ.

ಕತೆ ಹೊಳೆ ದಾಟಿ ಹೋಯಿತು, ನಾನು ಈ ದಡದಲ್ಲಿ ಉಳಿದೆ. ಕೇಳಿದವರ ಹಟ್ಟಿ ತಣ್ಣಗಿರಲಿ.

ಏನು ದುಂಡವ್ವಾ? ಎಲ್ಲರೂ ಏಳುವಾಗ ನೀನೊಬ್ಬಳು ಯಾಕೆ ಕೂತೆ? ಏನಂದಿ? ಹಟ್ಟಿಯಲ್ಲಿ ಹೆಣ್ಣು ನಾಯಿ ಇಡುತ್ತಿರಲಿಲ್ಲ ಅಂದರೆ ಅವರ ಗಂಡು ನಾಯಿಗಳು ಎಲ್ಲಿಂದ ಬಂದವು, ಬೇಲಿಯಲ್ಲಿ ಕಾಯಿ ಬಿಟ್ಟಿದ್ದವೇ ಅಂತಲೇ?

ನಗ್ರಿ, ನಗ್ರಿ.

ಎಲ್ಲಿಂದಲೋ ಬಂದಿರಬೇಕು, ತಾಯಿ. ಯಾರೋ ಎಲ್ಲೋ ಹೆರಿಸಿರಬೇಕು. ಕತೆ ಕೊಟ್ಟ ಮುದುಕ ಅದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಮೋಗಿ ಕೇಳಿದ್ದನೇ? ಹೋಗಲಿ ಬಿಡು, ಆ ಎಲೆ ಅಡಿಕೆ ಚೀಲ ಇತ್ತ ಕೊಡು.