ಗುರುಗಳ ಮೌನ

ಕಣ್ಣಿಗೆ ಔಷಧಿ ಬಿಡಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದರ್ಜಿಗೆ ಲೋಕವೆಲ್ಲ ಹಾಲಿನಲ್ಲಿ ಅದ್ದಿದಂತೆ ಮಸುಕಾಗಿತ್ತು. ಪಕ್ಕದಲ್ಲಿ ಊರಿನ ಪಂಚಾಯ್ತಿ ಅಧ್ಯಕ್ಷರ ಹೆಂಡತಿ ಮತ್ತು ಅಧ್ಯಕ್ಷರ ತಂಗಿ ಮಾತಾಡುತ್ತಿದ್ದರು.

“ಅತ್ತಿಗೆ, ಕೆರೆ ದಂಡೆ ಮನೆಗಳನ್ನ ಕೆಡವಲ್ವಂತೆ? ಅಣ್ಣ ಆರ್ಡರನ್ನೇ ಹರಿದುಹಾಕಿದನಂತೆ?”

“ಹೂಂ ಕಣೇ. ಕೆಡವೋಕೆ ಮುಂಚೆ ಗುರುಗಳ ಆಶೀರ್ವಾದ ಕೇಳೋಕೆ ಮಠಕ್ಕೆ ಹೋಗಿದ್ರು. ಅವರು ಕಣ್ಣು ಮುಚ್ಚಿ ಕೂತೋರು ತುಟಿಪಿಟಕ್ ಅನ್ಲಿಲ್ವಂತೆ.”

“ಅಷ್ಟಕ್ಕೇ?”

“ಅಷ್ಟಕ್ಕೇ. ‘ನನ್ನ ಮುಖ ನೋಡೋಕೂ ಅವರಿಗೆ ಇಷ್ಟವಿಲ್ಲ’ ಅಂತ ಮನೆಗೆ ಬಂದು ಅತ್ತುಬಿಟ್ರು.”

“ಗುರುಗಳಿಗೆ ಅಷ್ಟೊಂದು ಕೋಪಾನಾ?”

“ಕೋಪ ಎಲ್ಲಿಂದ ಬಂತು? ನಿದ್ದೆ ಹೋಗಿದ್ರಂತೆ! ಅವರ ಶಿಷ್ಯೆ ಹೇಳಿದ್ಲು.”

“ಅಯ್ಯೋ! ಅಣ್ಣಂಗೆ ಗೊತ್ತಾ?”

“ನಾನ್ಯಾಕೆ ಹೇಳ್ಲಿ? ಅಷ್ಟು ಸಂಸಾರ ಉಳ್ಕೊಂಡ್ವಲ್ಲ. ನೀನೂ ಬಾಯಿಗೆ ಬೀಗ ಹಾಕ್ಕೋ.”

ನರ್ಸ್ ಕರೆದಳು. ಎದ್ದವರು ಒಮ್ಮೆ ಪಕ್ಕಕ್ಕೆ ತಿರುಗಿದರು. ಕೆರೆ ದಂಡೆಯಲ್ಲೇ ಮನೆಯಿದ್ದ ದರ್ಜಿ ಥಟ್ಟನೆ ಕಣ್ಣು ಮುಚ್ಚಿ ಮೆಲ್ಲಗೆ ಗೊರಕೆ ಹೊಡೆದ. ರೆಪ್ಪೆಯ ಸಂದಿಯಲ್ಲಿ ಎರಡು ಸೀರೆಗಳ ಬಣ್ಣಗಳು ತೇಲುತ್ತಾ ಡಾಕ್ಟರ ಕೋಣೆಯೊಳಗೆ ಹೋದವು.