ಗ್ರಾಮಸಭಾದಾಗ ಸಾರಥಿ

ಅಜ್ಜನ ಮಾತಿಗೆ ನಗಬ್ಯಾಡ್ರೋ, ನಕ್ಕರ ಮುಂದ ಹೇಳೂದಿಲ್ಲ ನೋಡ್ರಿ... ಹಾಂ, ಅಂಜಿದ್ದೆ ಖರೇನ. ಇಪ್ಪತ್ತು ವರ್ಷ ದೊಡ್ಡಾಟದಾಗ ಸಾರಥಿ ಪಾತ್ರ ಮಾಡಿದಾಂವ ನಾ, ಊರೂರು ಕುಣಿದಾಂವ, ಆದ್ರ ಪಂಚಾಯ್ತಿ ಅಧ್ಯಕ್ಷ ಆಗಿ ಮೊದಲ ಗ್ರಾಮಸಭಾದಾಗ ಎದ್ದು ನಿಂತರ ನಮಸ್ಕಾರ ಅನ್ನೂದೂ ಮರತೆ. ಸಾರಥಿ ಅಂದ್ರ ಗೊತ್ತಲ್ಲ? ಆಟದಾಗ ರಾಜ ಬರ್ಲಿ ರಾಕ್ಷಸ ಬರ್ಲಿ, ಸಾರಥಿ ಅಡ್ಡ ನಿಂತು ಕೇಳ್ತಾನ, ನೀವು ಯಾರು, ಯಾಕ ಬಂದ್ರಿ ಅಂತ. ಅದನ್ನ ಹೇಳೂತನ ರಾಜಗೂ ಮುಂದ ಹೆಜ್ಜಿ ಇಡಾಕ ಬರೂದಿಲ್ಲ.

ಆವಾಗ ನಮ್ಮೂರು ಕಾಲುವಿ ಬಾಲದಾಗ ಇತ್ತು, ಅಲ್ಲಲ್ಲ, ಈಗೂ ಅಲ್ಲೇ ಅದ, ಊರೇನ್ ಎದ್ದು ಹೋಗ್ತದ? ಮ್ಯಾಲಿನವರ ಹೊಲದಾಗ ನೀರು ನಿಂತು ಕಪ್ಪಿ ಒದರ್ತಿದ್ವು, ನಮ್ಮ ನೆಲ್ಲು ತೆನಿ ಕಟ್ಟೂ ಹೊತ್ತಿನಾಗ ನೆಲ ಬಿರಿಯಾಕತ್ತಿತ್ತು. ಹತ್ತು ದಿನದಾಗ ನೀರು ಬರ್ಲಿಲ್ಲಂದ್ರ ಬೆಳಿ ಹೋತು. ಭೀಮರಾಯನಗುಡಿ ಕಾಲುವಿ ಆಫೀಸಿಗೆ ನಾಕ್ ಸಲ, ಇಲ್ಲ ಐದ್ ಸಲ ಹೋಗಿ ಅರ್ಜಿ ಕೊಟ್ಟಿದ್ದೆ. ಕಾಲುವಿ ಸಾಹೇಬ್ರದು ಒಂದೇ ಮಾತು, 'ನೋಡೋಣ್ರಿ ಅಧ್ಯಕ್ಷರೇ.'

ಅವತ್ತ ಸಾಹೇಬ್ರು ತಾವೇ ಸಭಾಕ ಬಂದ್ರು. ನಿಮ್ಮ ಆಯಿ ಮುಂಜಾನೇನ ಹೇಳಿದ್ಲು, 'ಏನ್ರಿ, ಬರಕೊಂಡ ಹಾಳಿ ನೋಡಿ ಓದ್ರಿ, ಅಲ್ಲಿ ಹೋಗಿ ಆಟ ಆಡಬ್ಯಾಡ್ರಿ.' ಹಾಳಿ ಕಿಸೇದಾಗ ಇತ್ತು, ಚಷ್ಮಾ ಮನ್ಯಾಗ ಉಳದಿತ್ತು. ಸಾಹೇಬ್ರು ಕಟ್ಟಿ ಏರಿದ್ದ ತಡ, ನನಗೇನಾತೋ, ಎಡಗೈ ಟೊಂಕದ ಮ್ಯಾಲ, ಬಲಗೈ ಮುಂದ, ಆಟದ ರಾಗದಾಗ ಬಂದೇಬಿಡ್ತು, 'ಭಲಾ, ಬಂದಂಥವರು ತಾವು ಯಾರು? ಈ ಸಭಾಕ ಬಂದ ಕಾರಣವೇನು?' ಅಷ್ಟಕ್ಕ ಮುಗಿದಿದ್ರ ಚೊಲೋ ಇತ್ತು. ಹಿಂದ ಕುಂತಿದ್ದ ನಮ್ಮ ಮ್ಯಾಳದ ಮುದುಕರು ರೂಢಿ ಮ್ಯಾಲ 'ಹೇಳುವಂಥವರಾಗಿ' ಅಂತ ಎಳದ್ರು. ಮದ್ದಲಿ ಬಾರಿಸೂ ಬಸಣ್ಣ ಪ್ಲಾಸ್ಟಿಕ್ ಕುರ್ಚಿ ಬಾರಿಸಿದ. ಮಂದಿ ಬಿದ್ದು ಬಿದ್ದು ನಗಾಕತ್ರು. ಭೂಮಿ ಬಾಯಿ ಬಿಟ್ರ ಒಳಗ ಹೋಗ್ತಿದ್ದೆ ನೋಡ್ರಿ, ಊರ ನೀರು ನನ್ನ ಬಾಯಿಂದ ಹೋತು ಅನಸ್ತು.

ಸಾಹೇಬ್ರೂ ನಕ್ಕು ಹೆಸರು ಹೇಳಿದ್ರು. 'ನಿಮ್ಮ ನೀರಿನ ಸಲುವಾಗಿ ಬಂದೀನ್ರಿ' ಅಂದ್ರು.

'ಯಾವತ್ತು ಬರ್ತದ್ರಿ?' ಅಂದೆ.

'ನೋಡೋಣ್ರಿ.'

ಈಗ ಕೇಳ್ರಿ, ಸಾರಥಿ ಕಸಬು ಇಲ್ಲೇ ಅದ. ಕೇಳಿದ ಮ್ಯಾಲ ತಾ ಬಾಯಿ ಬಿಡಬಾರದು. ಎದುರಿನಾಂವ ಮಾತು ಮರತಿದ್ರೂ ಕೈ ಚಾಚಿ ಹಂಗ ನಿಂದರಬೇಕು. ನಾ ನಿಂತೆ. ನಮ್ಮ ಮಂದಿ ಆಟ ನೋಡಿದ ಮಂದಿ, ಅವರಿಗೂ ಗೊತ್ತು, ಒಬ್ರೂ ಕೆಮ್ಮಲಿಲ್ಲ. ಸಾಹೇಬ್ರು ನೀರು ಕುಡದ್ರು, ಫೋನ್ ನೋಡಿದ್ರು, ಮಾರಿ ಒರಸಿಕೊಂಡ್ರು. ನನ್ನ ಕೈ ಸೋತು ಬಂತು, ಇಳಸಲಿಲ್ಲ.

'ಬುಧವಾರ ಬಿಡ್ತೀವ್ರಿ' ಅಂದ್ರು. ಬಸಣ್ಣ ಆಟ ಮುಗಿಸೂ ಮುಕ್ತಾಯ ಬಾರಿಸೇಬಿಟ್ಟ, ಕುರ್ಚಿ ಕಾಲು ಮುರೀತು.

ಬುಧವಾರ ನೀರು ಬರ್ಲಿಲ್ಲ. ಗುರುವಾರ ಬಂತು. ನಿಮ್ಮ ಆಯಿ ಕಾಲುವಿ ದಂಡಿಗೆ ನಿಂತು ನೀರು ನೋಡಿ ಅತ್ಲು, ಆಮ್ಯಾಲ ನನ್ನ ಕಡಿ ತಿರುಗಿ, 'ಇನ್ನಮ್ಯಾಲ ಚಷ್ಮಾ ಮನ್ಯಾಗೇ ಇಟ್ಟು ಹೋಗ್ರಿ' ಅಂದ್ಲು. ಅವತ್ತಿನಷ್ಟು ಖುಷಿ ನನಗ ಯಾವ ಆಟದಾಗೂ ಆಗಿಲ್ಲ. ಅದಕ್ಕ ಹೇಳ್ತೀನಿ, ಕೇಳೂದು ಎಲ್ಲಾರಿಗೂ ಬರ್ತದ, ಕೇಳಿ ಸುಮ್ಮ ನಿಂದರೂದು ಕಲೀರಿ. ಏಳ್ರಿ, ರೊಟ್ಟಿ ಆರಾಕತ್ತಾವ.