ಎರಡು ಹಳದಿ ಸಾಲು

ಇಲ್ರಿ, ನಿಮ್ಮ ಹೆಸರು ಎಲ್ಲೂ ಹೋಗಿಲ್ಲ. ಕಂಪ್ಯೂಟರಿನ್ಯಾಗ ಹಾಕಿದ ಹೆಸರು ಎಲ್ಲಿಗೆ ಹೋಗತೈತಿ, ಮಿರಜ ಸ್ಟೇಶನ್ನಿಗೇನು? ಮೊದಲ ಕುಂದ್ರಿ. ಆ ಕುರ್ಚಿ ಬ್ಯಾಡ, ಅದರ ಒಂದು ಕಾಲು ಗಿಡ್ಡೈತಿ. ಹೋದ ವಾರ ರಾವಸಾಬ ಕಾಕಾ ಅದರ ಮ್ಯಾಲಿಂದ ಬಿದ್ದು ಅಧ್ಯಕ್ಷರ ಭಾಷಣ ಅಲ್ಲೇ ಮುಗೀತು. ಎಲ್ಲಾರೂ ಕುರ್ಚಿಗೆ ಉಪಕಾರ ಹೇಳಿದ್ರು. ಈ ಕಡೆ ಬರ್ರಿ, ಪರದೆ ಕಾಣಿಸಲಿ.

ಮತ್ತ ಶೇಂಗಾ ತಂದೀರಾ? ನಿಮ್ಮೂರು ಸಮಡೋಳ್ಯಾಗ ನಿಮ್ಮ ಶೇಂಗಾ ತಿನ್ನಾಕ ಬ್ಯಾರೆ ಯಾರೂ ಇಲ್ಲೇನ್ರಿ ನೀಲೇಶ? … ಅಯ್ಯ, ಇಡ್ರಿ, ಇಡ್ರಿ. ಬ್ಯಾಡ ಅಂದಿಲ್ಲ ನಾ.

ಹಂಗಾದ್ರ ತಕರಾರು ಇಷ್ಟ. ನಿಮ್ಮ ತಾಯಿ ಮಂಗಲಾ ಮಾವಶಿ ಮೊಬೈಲಿನ್ಯಾಗ ಸಮಾಜದ ವಧು-ವರ ಪೇಜ್ ನೋಡಿದ್ರು, ಮಗನ ಹೆಸರು ಸಿಗಲಿಲ್ಲ. ಹೆಸರು ಕೊಟ್ಟು ಆರು ತಿಂಗಳಾತು, ಹೆಣ್ಣಿನ ಕಡೆಯವರದು ಒಂದ ಫೋನೂ ಬಂದಿಲ್ಲ. ಐತವಾರ ಮಿರಜದಾಗ ವಧು-ವರರು ಕೂಡೋ ಮೇಳಾವಾ, ಇದ ಪೇಜ್ ಪ್ರಿಂಟ್ ತಗದು ಗ್ವಾಡಿಗೆ ಹಚ್ಚತಾರ, ಅದರಾಗರ ಹೆಸರು ಇರಬೇಕು. ಇಷ್ಟ ಹೌದಲ್ಲ? ಅದಕ್ಕ ಮಾವಶಿ ನಿಮ್ಮನ್ನ ಗಾಡಿ ಹತ್ತಿಸಿ ಈ ಸಮಾಜದ ಕಚೇರಿಗೆ ಓಡಿಸ್ಯಾರ. ರಾವಸಾಬ ಕಾಕಾನೂ ಹೊರಗ ಪ್ರಿಂಟಿಗೆ ಕಾಯಾಕತ್ತಾರ. ಪೇಜಿನ್ಯಾಗ ಏನೋ ಸೊಟ್ಟ ಕಾಣತೈತಿ, ಬ್ರಾಹ್ಮಿ, ಅಂತ ನನಗ ಮುಂಜಾನಿಂದ ಅನ್ನಾಕತ್ತಾರ. ಕಣ್ಣಿನ ಚಾಳೀಸು ಒರಿಸಿಕೋರಿ ಕಾಕಾ ಅಂದೆ.

ಇದೆಲ್ಲಾ ಟೇಬಲ್ದ ತ್ರಾಸು, ಪೇಜಿನ್ಯಾಗ ಹೆಸರು ಹಾಕಿದ ಕೋಷ್ಟಕದ್ದು. ಮಾವಶಿ ನೋಡಿದ್ದು ಮೊಬೈಲಿನ್ಯಾಗ. ನಮ್ಮ ಟೇಬಲ್ಲು ಅಗಲ, ಮೊಬೈಲು ಸಣ್ಣದು. ಬಲಗಡೆದ್ದು ಪರದೆ ಬಿಟ್ಟು ಹೊರಗ ಹೋಗಿರತೈತಿ, ಅಲ್ಲೇ ನೀವೂ ಹೋಗಿರತೀರಿ.

ಏನಂದ್ರಿ? ಹೆಸರಿನ ಕಾಲಂ ಎಡಗಡೆ ಐತಾ?

ಹೌದು. ಅದೂ ಖರೆ.

ತಡೀರಿ, ಹಂಗ ಒಮ್ಮೆಲೆ ಹೇಳಿದ್ರ ತಿಳಿಯಂಗಿಲ್ಲ. ಬುಡದಿಂದ ಹೇಳತೇನಿ. ನಾ ಸಾಲ್ಯಾಗ ಮಕ್ಕಳಿಗೆ ಇದನ್ನ ಕಲಸ್ತೇನಿ, ಅವು ಅರ್ಧ ತಾಸಿನ್ಯಾಗ ಮಲಗತಾವ, ನೀವು ಮಲಗಬ್ಯಾಡ್ರಿ. ಮೊದಲ ಈ ಯಾದಿ ನಮ್ಮ ಅಪ್ಪ ಮಾಡತಿದ್ರು. ಪಟ್ಟಿ ಇಟ್ಟು, ಪೆನ್ಸಿಲ್ಲಿನಿಂದ ಗೆರಿ ಹೊಡದು. ತವನಪ್ಪ ಗುರುಗೋಳ ಗೆರಿ ಅಂದ್ರ ಅದರ ಮ್ಯಾಲೆ ಇರುವಿ ಸೈತ ನೆಟ್ಟಗ ನಡೀತಿತ್ತು. ಹೋದ ವರ್ಷ ಅವರು ಹೋದ ಮ್ಯಾಲೆ ಪಟ್ಟಿ ನನ್ನ ಕೈಗೆ ಬಂತು. ನಾ ಯಾದೀನ ಕಂಪ್ಯೂಟರಿನ್ಯಾಗ ಪೇಜ್ ಮಾಡಿದೆ.

ಮಾಡಿದ್ದ ತಡ, ಜಗಳ. ಮೊದಲನೇ ಜಗಳ ಗೆರಿದು. ನಾ ಬಾರ್ಡರ್ ಅಂತ ಬರದೆ, ಅದು ಪ್ರತಿ ಖಾನಿಗೂ, ಅಂದ್ರ ಒಂದೊಂದು ಚೌಕಕ್ಕೂ, ಬ್ಯಾರೆ ಬ್ಯಾರೆ ಗೆರಿ ಹೊಡೀತು. ಈ ಖಾನಿ ಗೆರಿ ಇದಕ್ಕ, ಮಗ್ಗಲ ಖಾನಿ ಗೆರಿ ಅದಕ್ಕ, ನಡುವ ಒಂದು ಸಂದಿ. ಅಣ್ಣತಮ್ಮರು ಆಸ್ತಿ ವಾಟಣಿ ಆದ ಮ್ಯಾಲೆ ಇವನ ಗ್ವಾಡಿ ಇವ ಕಟ್ಟಿ, ಅವನ ಗ್ವಾಡಿ ಅವ ಕಟ್ಟಿ, ನಡುವ ಬೆಕ್ಕು ಸಿಕ್ಕೊಂಡು ಒದರತಿರತೈತಲ್ಲ, ಹಂಗ. ಬಾರ್ಡರ್-ಕೊಲ್ಯಾಪ್ಸ್ ಅಂತ ಒಂದು ಮಾತು ಬರದೆ. ಎರಡೂ ಗ್ವಾಡಿ ಕೂಡಿ ಒಂದಾತು. ಕೋರ್ಟಿಲ್ಲ, ವಕೀಲರಿಲ್ಲ.

ಆಮ್ಯಾಲೆ ಅಕ್ಷರ ಎಲ್ಲಾ ಗೆರಿಗೆ ಅಂಟಿದ್ದುವು. ಪಂಗತಿನ್ಯಾಗ ಮೊಣಕೈಗೆ ಮೊಣಕೈ ತಾಗಿ ಕುಂತ್ರ ಇವನ ಸಾರು ಅವನ ಎಲಿಗೆ ಹೋಗತೈತಿ. ಅದಕ್ಕ ಪ್ಯಾಡಿಂಗ್ ಕೊಡಬೇಕು. ಖಾನಿ ಒಳಗ ಸುತ್ತೂ ಒಂದೀಟು ಜಾಗಾ. ಜಾಗಾ ಕೊಟ್ರ ಎಂಥಾ ಮಂದಿನೂ ಚಂದ ಕಾಣತಾರ.

ಯಾಕ ನಗತೀರಿ? ಖರೇನ ಹೇಳಾಕತ್ತೇನಿ.

ಖರೆ ತ್ರಾಸು ಕೊಟ್ಟಿದ್ದು ಅಪೇಕ್ಷಾದ ಕಾಲಂ. ಎಂಥಾ ಹುಡುಗ ಬೇಕು, ಎಂಥಾ ಹುಡುಗಿ ಬೇಕು, ಅದರಾಗ ಬರೀಬೇಕು. ನಮ್ಮ ಸ್ವಪ್ನಾಲಿ ಅಪ್ಪ ಬರದು ಕೊಟ್ಟಿದ್ದು ಕೇಳ್ರಿ. ಹುಡುಗಗ ನೌಕರಿ ಇರಬೇಕು. ಇಲ್ಲೇ ಸಾಂಗ್ಲಿ ವಿಶ್ರಾಮಬಾಗದಾಗ ಫ್ಲ್ಯಾಟ್ ಇರಬೇಕು. ಊರಾಗ ನೀರಾವರಿ ಹೊಲ ಇರಬೇಕು, ಆದ್ರ ಹುಡುಗ ಹೊಲಕ್ಕ ಹೋಗಬಾರದು. ಅತ್ತಿ ಮಾವ ಇರಬೇಕು, ಆದ್ರ ಊರಾಗ ಇರಬೇಕು. ಕಾರು ಇರಬೇಕು, ಆದ್ರ ಜೋರು ಓಡಿಸಬಾರದು. ಇಷ್ಟು ಆಸೆ ಒಂದ ಖಾನ್ಯಾಗ ಹಾಕಿದೆ, ಆ ಕಾಲಂ ಉಬ್ಬಿ ಉಳಿದವರನ್ನೆಲ್ಲಾ ಗ್ವಾಡಿಗೆ ಒತ್ತಿತು. ಮ್ಯಾಲೆ ನಾನ ಶ್ಯಾಣ್ಯಾತನ ಮಾಡಿ, ಜಾಗಾ ಸಾಲದಿದ್ರ ಶಬ್ದ ಮುರಿ ಅಂತ ಪರವಾನಗಿ ಕೊಟ್ಟಿದ್ದೆ. ಮುರೀತು. 'ಸ್ವ' ಒಂದು ಸಾಲು, 'ಪ್ನಾ' ಒಂದು ಸಾಲು, 'ಲಿ' ಒಂದು ಸಾಲು. ಅವರಪ್ಪ ಬಂದು, ನನ್ನ ಮಗಳನ್ನ ಬಾವ್ಯಾಗ ಇಳಿಬಿಟ್ಟಿಯಲ್ಲವಾ, ಅಂದ. ಇಳಿಬಿಟ್ಟಿದ್ದು ನಿಮ್ಮ ಅಪೇಕ್ಷಾ, ಕಾಕಾ, ಅಂದೆ. ಅವತ್ತಿನಿಂದ ಮಾತಿಲ್ಲ.

ಅದಕ್ಕೂ ಔಷಧ ಐತಿ. ಟೇಬಲ್-ಲೇಔಟ್ ಫಿಕ್ಸ್ಡ್. ಹೆಸರಿಗೆ ಇಷ್ಟು ಅಗಲ, ಶಿಕ್ಷಣಕ್ಕ ಇಷ್ಟು, ಅಪೇಕ್ಷಾಕ್ಕ ಇಷ್ಟು, ಮೊದಲ ಠರಾವು. ಆಸೆ ಜಾಸ್ತಿ ಇದ್ದವರು ಕೆಳಗ ಬೆಳೀರಿ, ಅಡ್ಡ ಬೆಳೀಬ್ಯಾಡ್ರಿ.

ಎಲ್ಲಾರಕಿಂತ ಸಣ್ಣ ಅಪೇಕ್ಷಾ ಯಾರದು ಗೊತ್ತೇನು? ಎರಡ ಶಬ್ದ. ಇಷ್ಟು ದೊಡ್ಡ ಖಾನ್ಯಾಗ ಎರಡ ಶಬ್ದ ಕುಂತಿದ್ದುವು, ಬಾಡಿಗಿ ಮನಿಗೆ ಒಬ್ಬಾವ ಬಂದಂಗ. ಯಾರದು ಅಂತ ಹೇಳಂಗಿಲ್ಲ. ಅದು ಕಚೇರಿ ಗುಟ್ಟು.

ಮತ್ತ ನಕ್ಕಿರಿ. ನೀವು ಮಾತಾಡೂದಿಲ್ಲ, ಬರೇ ನಗತೀರಿ. ಮಾವಶಿ ಹೇಳತಿದ್ರು, ನಮ್ಮ ಮನ್ಯಾಗ ನಾವಿಬ್ಬರು, ಮಾತಾಡೂದು ಮಾತ್ರ ರೇಡಿಯೋ ಅಂತ.

ಈಗ ಬಣ್ಣಕ್ಕ ಬರೋಣು. ಮೊದಲ ಎಲ್ಲಾ ಬಿಳೀನ ಇತ್ತು. ವಧು, ವರ ಎಲ್ಲಾ ಒಂದ ಟೇಬಲ್ಲಿನ್ಯಾಗ, ಹೆಸರು ಕೊಟ್ಟಂಗ ಒಬ್ಬರ ಕೆಳಗ ಒಬ್ಬರು. ನಂಬರ್ ಹಾಕಿಲ್ಲ, ಯಾಕಂದ್ರ ಕಡೀ ನಂಬರ್ ಯಾರಿಗೂ ಬ್ಯಾಡ. ಹಿಂಗಿದ್ದಾಗ ಧೋಂಡಪ್ಪ ಕಾಕಾ ಮೊಮ್ಮಗನ ಸಲುವಾಗಿ ಪ್ರಿಂಟ್ ಓದಿದ್ರು. ಹೆಸರು ಓದಿದ್ದು ಒಂದು ಸಾಲಿಂದು, ಕಣ್ಣು ಜಾರಿ ಮನಿ ಪತ್ತೆ ಓದಿದ್ದು ಕೆಳಗಿನ ಸಾಲಿಂದು. ಹಣ್ಣು, ಹೂವು, ಸೀರಿ ಹಿಡಕೊಂಡು ಇಡೀ ಮನಿ ಮಂದಿ ಬುಧಗಾಂವಕ್ಕ ಹೋದ್ರು. ಹುಡುಗೀನ ಕರೀರಿ ಅಂದ್ರು. ಒಳಗಿಂದ ಬಂದಾವ ಯಶ, ಕೆಳಗಿನ ಸಾಲಿನ ವರ. ತಾಲೀಮಿನ ಪೈಲವಾನ, ಕಿವಿ ಮುದ್ದಿ ಆಗ್ಯಾವ, ಕುತಗಿ ಇಲ್ಲ. ಅವಗ ಏನು ಗೊತ್ತು, ಹೆಣ್ಣಿನ ಕಡೆಯವರು ನನ್ನ ನೋಡಾಕ ಬಂದಾರ ಅಂತ ತಿಳಕೊಂಡು ಚಾ ಟ್ರೇ ಹಿಡಕೊಂಡು ನಾಚಗೊಂಡು ನಿಂತಿದ್ದ. ಧೋಂಡಪ್ಪ ಕಾಕಾ ಅವನ್ನ ಮ್ಯಾಲಿಂದ ಕೆಳಗ ನೋಡಿ, ಎತ್ತರ ಚಲೋ ಐತಿ, ಅಂದ್ರಂತ.

ನಗ್ರಿ, ನಗ್ರಿ. ಇಡೀ ಸಮಾಜ ನಗಾಕತ್ತೈತಿ, ಅವರಿಬ್ಬರನ್ನ ಬಿಟ್ಟು.

ಅವತ್ತ ನಾ ಪಟ್ಟೆ ಹಾಕಿದೆ. ಒಂದು ಸಾಲು ಬಿಳಿ, ಒಂದು ಸಾಲು ಹಳದಿ. ಒಂದು ಬಿಳಿ, ಒಂದು ಹಳದಿ. ಕಣ್ಣು ಜಾರಂಗಿಲ್ಲ. ಕೈಲೆ ಹಚ್ಚಿದ್ದಲ್ಲ, ಒಂದ ಮಾತು ಬರದೇನಿ, ಸಮ ಸಂಖ್ಯೆದ ಸಾಲಿಗೆ ಹಳದಿ ಕೊಡು ಅಂತ. ಯಂತ್ರ ತಾನ ಎಣಸತೈತಿ. ನಾ ತಪ್ಪಬಹುದು, ಕಾಕಾ ತಪ್ಪಬಹುದು, ಯಂತ್ರ ತಪ್ಪೂದಿಲ್ಲ. ಎಂದೂ ಎರಡು ಹಳದಿ ಒತ್ತೊತ್ತಿಗೆ ಬರಂಗಿಲ್ಲ. ನೋಡ್ರಿ ಬೇಕಾದ್ರ, ಮ್ಯಾಲಿಂದ ಕೆಳತನಕ.

ನನ್ನ ಹೆಸರಾ? ಅದರಾಗ ಯಾಕಿರಲಿ? ಬಡಿಸೋರು ಪಂಗತಿಗೆ ಕುಂದ್ರೂದಿಲ್ರಿ. ಒಮ್ಮೆ ಮಿರಜದಿಂದ ಬಂದಿದ್ರು ನೋಡಾಕ. ಎಲ್ಲಾ ಪಸಂತ, ಹುಡುಗಿ ಭಾಳ ಮಾತಾಡತಾಳ, ಅಂದು ಹೋದ್ರು. ಚಾ ಎರಡು ಕಪ್ ಕುಡದು ಹೋದ್ರು. ಬಿಡ್ರಿ ಅದನ್ನ.

ಏನು ತೋರಸಾಕತ್ತೀರಿ? ಪರದೆಗೆ ಬೆರಳು ಹಚ್ಚಬ್ಯಾಡ್ರಿ, ಶೇಂಗಾದ ಮಣ್ಣು ಅಂಟತೈತಿ. … ಹೂಂ, ಹಳದಿ ಸಾಲು. ಅದರ ಕೆಳಗ…

ಹಳದಿ.

ಅದು ಪರದೆ ಹಳೇದಾಗೈತಿ.

ಮ್ಯಾಲಿನ ಹಳದಿ ಬ್ಯಾರೆ, ಕೆಳಗಿನ ಹಳದಿ ಬ್ಯಾರೆ. ಸಾಂಗ್ಲಿ ಅರಿಷಿಣದ ಬಾಜಾರದಾಗ ಒಂದೊಂದು ಚೀಲದ ಹಳದಿ ಒಂದೊಂದು ನಮೂನಿ ಇರತೈತಿ ಅಂತ ನೀವ ಹೇಳಿದ್ರಿ. … ಇಲ್ಲ. ಎರಡೂ ಒಂದ ಬಣ್ಣ. ನಾನ ಬರದೇನಲ್ಲ.

ಏನರ ಅನ್ನರಿ.

ಈಗಷ್ಟ ಅಂದೆ, ಯಂತ್ರ ತಪ್ಪೂದಿಲ್ಲ ಅಂತ. ಹೂಂ, ಅಂದೆ. ನನ್ನ ಸಾಲ್ಯಾಗ ಇಷ್ಟು ಲಕ್ಷ್ಯ ಕೊಟ್ಟು ಕೇಳೋ ವಿದ್ಯಾರ್ಥಿ ಒಬ್ಬನೂ ಇಲ್ಲ, ಇವತ್ತ ಸಿಗಬೇಕಾ?

ಯಂತ್ರ ಕಾಣೋ ಸಾಲು ಎಣಸಂಗಿಲ್ರಿ, ಇರೋ ಸಾಲು ಎಣಸತೈತಿ. ಎರಡು ಹಳದಿ ಒತ್ತೊತ್ತಿಗೆ ಬಂದ್ರ, ನಡುವ ಒಂದು ಬಿಳೀ ಸಾಲು ಐತಿ ಅಂತ ಅರ್ಥ. ಐತಿ, ಕಾಣವಲ್ದು. ಅದಕ್ಕ ಯಾರೋ 'ಡಿಸ್ಪ್ಲೇ ನನ್' ಅಂತ ಬರದಿರತಾರ. ಇದ್ದೂ ಇಲ್ಲದಂಗ ಮುಚ್ಚಿಡು ಅಂತ.

ಯಾರು ಅಂತ ಕೇಳಬ್ಯಾಡ್ರಿ. ಪಾಸ್‌ವರ್ಡ್ ಯಾರ ಹತ್ತರ ಐತಿ ಅಂತನೂ ಕೇಳಬ್ಯಾಡ್ರಿ.

ಕೇಳಂಗಿಲ್ಲೇನು? ಕೇಳ್ರಿ. ಬೈರಿ ಬೇಕಾದ್ರ. ನೀವು ಹಿಂಗ ಸುಮ್ನ ಕುಂತ್ರ ನನಗ ಆಗಂಗಿಲ್ಲ ನೀಲೇಶ.

ಅಳಿಸಿಲ್ಲ. ಅಳಿಸಿದ್ರ ಪಟ್ಟೆ ನೆಟ್ಟಗ ಇರತಿದ್ದುವು, ನಿಮಗ ಗೊತ್ತೂ ಆಗತಿದ್ದಿಲ್ಲ. ಅಳಿಸಾಕ ಕೈ ಬರಲಿಲ್ಲ. ಒಂದೀಟು ತಗದು ಇಟ್ಟೆ, ಅಷ್ಟ. ಒಂದು ವಾರದ ಮಟ್ಟಿಗೆ ಅಂತ ಇಟ್ಟೆ. ಅಷ್ಟರಾಗ ನೀವು ಎತ್ತರ ತಿದ್ದಬೇಕು ಅಂತ ಬಂದ್ರಿ. ಶೇಂಗಾ ತಂದ್ರಿ. ಮುಂದಿನ ವಾರ ಮತ್ತ ಎತ್ತರ ಅಂದ್ರಿ. ಮೂವತ್ತು ದಾಟಿದ ಮ್ಯಾಲೆ ಎತ್ತರ ಬೆಳೀತೈತೇನ್ರಿ? ನಾನೂ ಸುಮ್ನ ತಿದ್ದಿದೆ. ಕಾಣದ ಸಾಲಿನ್ಯಾಗ ಪ್ರತಿ ವಾರ ನಿಮ್ಮ ಎತ್ತರ ತಿದ್ದಿದೆ.

ತಪ್ಪು. ಗೊತ್ತೈತಿ. ಆರು ತಿಂಗಳು ನಿಮ್ಮ ತಾಯಿ ಫೋನಿನ ಮುಂದ ಕುಂತ್ರು.

ತಗೋರಿ, ಆ 'ಡಿಸ್ಪ್ಲೇ ನನ್' ತಗದೆ. ಬಂದ್ರಿ ನೋಡ್ರಿ. ನೀಲೇಶ, ಸಮಡೋಳಿ, ಬಿ.ಎಸ್ಸಿ. ಅಗ್ರಿ. ಅಪೇಕ್ಷಾ… 'ಮಾತಾಡೋರು ಬೇಕು.' ಇದನ್ನ ಓದಿದ ದಿನಾನ ಮುಚ್ಚಿದ್ದೆ. ಇಷ್ಟೊಂದು ಹುಡುಗ್ಯಾರು ಅದಾರ ಈ ಯಾದ್ಯಾಗ, ಎಲ್ಲಾರಿಗೂ ಮಾತು ಬರತೈತಿ, ಅದಕ್ಕ.

ಐತವಾರ ನೀವು ಗ್ವಾಡಿ ಮ್ಯಾಲೆ ಇರತೀರಿ. ಟೇಬಲ್ದ ತ್ರಾಸು ಇತ್ತು, ಸರಿ ಆತು ಅಂತ ಮಾವಶಿಗೆ ಹೇಳ್ರಿ. ಹೆಲ್ಮೆಟ್ ಅಲ್ಲೈತಿ. ಹೋಗಿ ಬರ್ರಿ.

ಹೋಗರಿ ಅಂದೆ. ಯಾಕ ಏಳವಲ್ರಿ?

ಕೀಬೋರ್ಡ್ ಯಾಕ ನನ್ನ ಕಡೆ ಸರಸ್ತೀರಿ? ಇನ್ನೇನು ತಿದ್ದೂದೈತಿ, ಮತ್ತ ಎತ್ತರಾನ? … ಅಲ್ಲಾ? ನಿಮ್ಮ ಸಾಲಿನ ಕೆಳಗ? ಹೊಸಾ ಸಾಲು ಯಾರದು?

ಹಂಗ ನೋಡಬ್ಯಾಡ್ರಿ.

ಬಡಿಸೋರು ಪಂಗತಿಗೆ… ಹೂಂ, ಕಡೀ ಪಂಗತಿಗೆ ಕುಂದ್ರತಾರ, ಖರೆ.

ಬರೀತೇನಿ. ಬ್ರಾಹ್ಮಿ ತವನಪ್ಪ. ವಿಶ್ರಾಮಬಾಗ. ಬಿ.ಎಸ್ಸಿ., ಬಿ.ಎಡ್. ಎತ್ತರ ಒಂದ ಸಲ ಬರೀತೇನಿ, ತಿದ್ದಂಗಿಲ್ಲ. ಅಪೇಕ್ಷಾ… ಏನು ಬರೀಲಿ? ಎರಡ ಶಬ್ದ ಸಾಕೇನು? 'ಕೇಳೋರು ಬೇಕು.'

ಈಗ ಎರಡೂ ಸಾಲಿಗೆ 'ಡಿಸ್ಪ್ಲೇ ನನ್' ಹಾಕಲೇನು? ಎರಡಕ್ಕೂ? ನೀವ ತಲಿ ಅಲ್ಲಾಡಿಸೀರಿ ನೋಡ್ರಿ, ಆಮ್ಯಾಲೆ ಬ್ರಾಹ್ಮಿ ತಾನ ಮುಚ್ಚಿದಳು ಅನ್ನಬಾರದು. ಮಾವಶಿಗೆ ನೀವ ಹೇಳಬೇಕು, ಬಾಯಿ ತಗದು.

ಒತ್ತಿದೆ. ನೋಡ್ರಿ. ಬಿಳಿ, ಹಳದಿ, ಬಿಳಿ, ಹಳದಿ. ಎರಡು ಸಾಲು ಜೋಡೀಲೆ ಮುಚ್ಚಿದ್ರ ಎಲ್ಲೂ ತಪ್ಪಿಲ್ಲ.

ಆಲೇ ಕಾಕಾ, ಬಂದೆ. ಪ್ರಿಂಟ್ ತಂದೆ. ಹೂಂ, ಸೊಟ್ಟ ಇತ್ತು, ನಿಮ್ಮ ಚಾಳೀಸಿಂದಲ್ಲ, ಪೇಜಿಂದ. ಸರಿ ಆತು ಈಗ. ಏನಿಲ್ರಿ ಕಾಕಾ, ಒಂದು ಸಾಲು ಕಡಿಮಿ ಬಿದ್ದಿತ್ತು.